ಮೇಲಿನ ದಾರಿ: ಸರಿ ಇದೆ

ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಫಿದಾನ್ಕಾ ಅಜ್ಜಿ ತನ್ನ ಮುಂಗೈಗೆ ಕಟ್ಟಿದ್ದ ಕೆಂಪು ಗುಂಡಿಯನ್ನು ಒತ್ತುತ್ತಿದ್ದಳು. ಅದು ಎಲೋವೊ ಊರಿಗೆಲ್ಲ ಗೊತ್ತಿದ್ದ ವಿಷಯ. ಪುರಸಭೆಯವರು ಆ ಗುಂಡಿ ಕೊಟ್ಟಿದ್ದು ಬಿದ್ದಾಗಲೋ ಎದೆ ನೋವು ಬಂದಾಗಲೋ ಒತ್ತಲಿ ಎಂದು. ಅಜ್ಜಿ ಅದನ್ನು ಕಾಫಿ ಒಲೆಯ ಮೇಲೆ ಇಟ್ಟಾಗ ಒತ್ತುತ್ತಿದ್ದಳು. ಜಿಲ್ಲಾ ಕೇಂದ್ರದಲ್ಲಿ ಕೂತಿದ್ದ ಹುಡುಗಿ ಅಜ್ಜಿಯ ಗೋಡೆಗೆ ಹಾಕಿದ್ದ ಮಾತಿನ ಪೆಟ್ಟಿಗೆಯೊಳಗಿಂದ "ಏನಾಯ್ತು ಅಜ್ಜಿ?" ಎಂದು ಕೇಳಿದರೆ, "ಏನೂ ಆಗಿಲ್ಲ ಮಗಾ, ನಿನ್ನ ತಿಂಡಿ ಆಯ್ತಾ?" ಎನ್ನುತ್ತಿದ್ದಳು. ಪುರಸಭೆಯಿಂದ ಎರಡು ಸಲ ಎಚ್ಚರಿಕೆಯ ಪತ್ರ ಹೋಗಿತ್ತು. ಅಜ್ಜಿ ಅವನ್ನು ಜಾಡಿಗಳ ಬಾಯಿಗೆ ಕಟ್ಟಿದ್ದಳು.

ಫೆಬ್ರವರಿಯ ಒಂದು ಗುರುವಾರ ಹತ್ತು ಗಂಟೆಗೆ ಆ ಕರೆ ಬರಲಿಲ್ಲ. ಹುಡುಗಿ ಹತ್ತೂವರೆಯವರೆಗೆ ಕಾದು, ಎಲೋವೊದಲ್ಲಿ ಮನೆಮನೆಗೆ ಹೋಗಿ ಮುದುಕರನ್ನು ನೋಡಿಕೊಳ್ಳುವ ನರ್ಸ್ ಯೊರ್ದಾನ್ಕಾಳಿಗೆ ಫೋನು ಮಾಡಿದಳು. ಯೊರ್ದಾನ್ಕಾ ತನ್ನ ಹಳೆಯ ಲಾಡಾ ಜೀಪಿನ ಗಾಲಿಗೆ ಸರಪಳಿ ಸುತ್ತಿ ಅಜ್ಜಿಯಿರುವ ಮೇಲಿನ ಕೇರಿಗೆ ಹೊರಟಳು.

ಹನ್ನೊಂದೂ ಹತ್ತಕ್ಕೆ ಊರಿನ ಇಂಟರ್ನೆಟ್ ಕಚೇರಿಯಲ್ಲಿ ನೆವ್ಯಾನಾಳ ಫೋನು ಸದ್ದು ಮಾಡಿತು. ಮೇಲಿನ ಕೇರಿಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಯೊರ್ದಾನ್ಕಾ ಅಜ್ಜಿಯ ಮನೆಯ ವೈಫೈ ಹಿಡಿದು ವೈಬರ್ ಎಂಬ ಆ್ಯಪಿನಲ್ಲಿ ಮಾತಾಡುತ್ತಿದ್ದಳು.

"ನೆವ್ಯಾನಾ, ಫಿದಾನ್ಕಾ ಅಜ್ಜಿ ಮನೇಲಿದೀನಿ. ಅಜ್ಜಿ ಗಟ್ಟಿಮುಟ್ಟಾಗೇ ಇದಾರೆ. ಬಂದಾಗಿಂದ ನನಗೇ ಬೈತಿದಾರೆ."

"ಯಾಕಂತೆ?"

"ಐದು ಸಲ ಒತ್ತಿದ್ರಂತೆ. ಯಾರೂ ಓಗೊಡ್ಲಿಲ್ಲ ಅಂತ."

"ಐದಲ್ಲ, ಆರು," ಹಿಂದಿನಿಂದ ಅಜ್ಜಿಯ ದನಿ ಬಂತು. "ಕಾಯ್ತಾ ಕಾಯ್ತಾ ಕಾಫಿ ಉಕ್ಕಿ ಒಲೆ ಪಾಲಾಯ್ತು. ಅದನ್ನೂ ಹೇಳು ಆ ತಂತಿ ಹೆಂಗಸಿಗೆ."

ನೆವ್ಯಾನಾ ತನ್ನ ಕಂಪ್ಯೂಟರಿನಿಂದ ಪುಟ್ಟ ಸಂದೇಶವೊಂದನ್ನು ಕಳಿಸಿ ಜಿಲ್ಲಾ ಕೇಂದ್ರದ ಯಂತ್ರವನ್ನು ಕೂಗಿ ನೋಡಿದಳು. ಉತ್ತರ ಬಂತು. ನೂರು ಸಲ ಕೂಗುವಂತೆ ಹೇಳಿದಳು. ನೂರಕ್ಕೆ ನೂರೂ ಬಂದವು.

"ನನ್ನ ಕಡೆಯಿಂದ ಎಲ್ಲ ಸರಿ ಇದೆ ಕಣೇ," ಎಂದಳು.

ಎದುರಿನ ಮೇಜಿನಲ್ಲಿ ಕಂಪನಿಯ ಮಾಲೀಕ ಸ್ಪಿರೊ, ಬಾನಿತ್ಸಾ ಎಂಬ ಚೀಸಿನ ತಿಂಡಿ ತಿನ್ನುತ್ತಿದ್ದ. ಅದರ ಗರಿಗರಿ ಪದರಗಳು ಅವನ ಅಂಗಿಯ ಮೇಲೆ ಉದುರಿದ್ದವು. "ಬ್ಯಾಟರಿ," ಎಂದ. "ದಿನಾ ಒತ್ತಿದ್ರೆ ಬ್ಯಾಟರಿ ಏನು ಮಾಡುತ್ತೆ ಪಾಪ."

"ಅಕ್ಟೋಬರಲ್ಲಿ ನಾನೇ ಬದಲಾಯಿಸಿದೀನಿ, ಸ್ಪಿರೊ ಅಣ್ಣ." ಮತ್ತೆ ಫೋನಿಗೆ ಹೇಳಿದಳು: "ಯೊರ್ದಾನ್ಕಾ, ಪಕ್ಕದ ಮನೇಲೂ ಒಂದು ಗುಂಡಿ ಇದೆ. ಅದನ್ನ ಒಂದ್ಸಲ ಒತ್ತಿ ನೋಡ್ತೀಯಾ?"

ಐದು ನಿಮಿಷವಾದ ಮೇಲೆ ಯೊರ್ದಾನ್ಕಾ ಏದುಸಿರು ಬಿಡುತ್ತ ಮತ್ತೆ ಸಿಕ್ಕಳು. "ಪಕ್ಕದ ಮನೇದು ಸರಿಯಾಗಿದೆ. ಒತ್ತಿದ ಕೂಡ್ಲೇ ಹುಡುಗಿ ಮಾತಾಡಿದ್ಲು. ವಾಪಸ್ ಬಂದು ಇಲ್ಲಿ ಒತ್ತಿದೆ. ಇಲ್ಲ. ಕೆಂಪು ದೀಪ. ಅಲ್ಲಿ ಎರಡು ಸಲ ಒತ್ತಿದೆ, ಎರಡೂ ಹೋಯ್ತು. ಇಲ್ಲಿ ಎರಡು ಸಲ ಒತ್ತಿದೆ, ಎರಡೂ ಇಲ್ಲ."

ನೆವ್ಯಾನಾ ಜಾಲದ ನಕ್ಷೆಯನ್ನು ಹತ್ತಿರ ಎಳೆದುಕೊಂಡಳು. ಎರಡೂ ಮನೆಗಳಿಗೆ ಒಂದೇ ಕಂಬ, ಕಂಬದ ಮೇಲೆ ಒಂದೇ ಪೆಟ್ಟಿಗೆ, ಪೆಟ್ಟಿಗೆಯಿಂದ ಊರಿಗೆ ಒಂದೇ ಕೇಬಲ್. ಹಾಳಾದ ಕೇಬಲ್ ಆಗೊಮ್ಮೆ ಈಗೊಮ್ಮೆ ಕೈಕೊಡುತ್ತದೆ. ಅದು ಮನೆಗಳನ್ನು ಆರಿಸುವುದಿಲ್ಲ, ಆರಿಸಿದ ಮನೆಗೇ ಅಂಟಿಕೊಂಡು ಕೂರುವುದಿಲ್ಲ. ಹಾಗೆ ಆರಿಸುವಂಥದ್ದು ಈ ಇಡೀ ಜಾಲದಲ್ಲಿ ಒಂದೇ ಒಂದಿತ್ತು. ಅದನ್ನು ಕೂರಿಸಿದ್ದು ಅವಳೇ.

ನೆವ್ಯಾನಾ ಕೆಹಾಯೊವಾಗೆ ಆಗ ನಲವತ್ತೇಳು. ಹುಟ್ಟಾ ಹೆದರುವ ಹೆಂಗಸು. ಮನೆ ಬಿಡುವಾಗ ಒಲೆಯನ್ನು ಮೂರು ಸಲ ಮುಟ್ಟಿ ನೋಡುವಳು. ಮರದ ಲಾರಿ ಓಡಿಸುವ ಗಂಡ ಕಣಿವೆಯ ತಿರುವುಗಳನ್ನು ದಾಟಿ ಫೋನು ಮಾಡುವವರೆಗೆ ಊಟಕ್ಕೆ ಕೂರುತ್ತಿರಲಿಲ್ಲ. ಇಂಥವಳು ಹತ್ತೊಂಬತ್ತನೆಯ ವಯಸ್ಸಿಗೆ ಟೆಲಿಫೋನ್ ಕಚೇರಿಯಲ್ಲಿ ತಂತಿ ಕೆಲಸಕ್ಕೆ ಸೇರಿದ್ದು ಬೇರೆ ಕೆಲಸವೇ ಇರಲಿಲ್ಲ ಎಂಬ ಕಾರಣಕ್ಕೆ. ಅವಳಿಗೆ ಕಂಬ ಹತ್ತಲು ಕಲಿಸಿದವನು ರಾಷ್ಕೊ. ಮೊದಲ ದಿನ ಅರ್ಧ ಕಂಬಕ್ಕೆ ಹೋಗಿ ಅಪ್ಪಿಕೊಂಡು ನಿಂತುಬಿಟ್ಟವಳಿಗೆ ಅವನು ಕೆಳಗಿನಿಂದಲೇ ಹೇಳಿದ್ದ: "ಹೆದರ್ಕೊಂಡೇ ಹತ್ತು. ಹೆದರದೆ ಹತ್ತಿದ ಪೆನ್ಯೊ ಈಗ ಕೋಲು ಹಿಡ್ಕೊಂಡು ಓಡಾಡ್ತಾನೆ."

ರಾಷ್ಕೊನಿಂದ ಅವಳು ಇನ್ನೊಂದು ಪಾಠವನ್ನೂ ಕಲಿತಿದ್ದಳು. ಬಿರುಗಾಳಿಗೆ ತುಂಡಾದ ತಂತಿಗಳನ್ನು ಜೋಡಿಸಿ ಮುಗಿಸಿದ ಮೇಲೆ ರಾಷ್ಕೊ ಗಂಟೆ ಬಾರಿಸಿ, ಆ ತುದಿಯಲ್ಲಿ ಕೂತವನನ್ನು "ಕೇಳಿಸ್ತಾ?" ಎಂದು ಕೇಳುತ್ತಿರಲಿಲ್ಲ. "ಯಾವ ತಂತೀಲಿ ಬಂದೆ?" ಎಂದು ಕೇಳುತ್ತಿದ್ದ. ಆ ತುದಿಯವನು ತಂತಿಯ ಸಂಖ್ಯೆ ಹೇಳಬೇಕು. ಆರು ತಂತಿಯಿದ್ದರೆ ಆರು ಸಲ ಗಂಟೆ, ಆರು ಸಲ ಅದೇ ಪ್ರಶ್ನೆ. ಚಳಿಯಲ್ಲಿ ಕೈ ಸೆಟೆದುಕೊಂಡಿದ್ದರೂ ಒಂದನ್ನೂ ಬಿಡುತ್ತಿರಲಿಲ್ಲ.

ಎಲೋವೊದ ಟೆಲಿಫೋನ್ ಕಚೇರಿ ಮುಚ್ಚಿ ತಂತಿಗಳನ್ನೆಲ್ಲ ಜಿಲ್ಲಾ ಕೇಂದ್ರಕ್ಕೆ ಸೇರಿಸಿದಾಗ ರಾಷ್ಕೊ ನಿವೃತ್ತನಾಗಿ ಬೋರಿನಾ ಎಂಬ ಗುಡ್ಡದ ಕೇರಿಯಲ್ಲಿ ಮೂರು ಆಡು ಕಟ್ಟಿಕೊಂಡು ಕೂತ. ನೆವ್ಯಾನಾ ಸ್ಪಿರೊನ ಕಂಪನಿ ಸೇರಿದಳು. ಸ್ಪಿರೊ ಆಗಷ್ಟೇ ಒಂದು ವಸತಿ ಕಟ್ಟಡದ ಮಹಡಿಯಿಂದ ಇನ್ನೊಂದರ ಮಹಡಿಗೆ ಕೇಬಲ್ ಎಳೆದು, ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರೊಂದನ್ನು ರೂಟರ್ ಮಾಡಿಕೊಂಡು ಇಡೀ ಬೀದಿಗೆ ಇಂಟರ್ನೆಟ್ ಹಂಚುತ್ತಿದ್ದ. ಪುಸ್ತಕ ಓದಿ, ತಪ್ಪು ಮಾಡಿ, ಮತ್ತೆ ಓದಿ ಅವಳು ಆ ಯಂತ್ರವನ್ನು ಕಲಿತಳು. ಅದಾಗಿ ಇಪ್ಪತ್ತೆರಡು ವರ್ಷ.

ಎಲೋವೊದಿಂದ ಜಿಲ್ಲಾ ಕೇಂದ್ರಕ್ಕೆ ಎರಡು ಫೈಬರ್ ದಾರಿಗಳಿದ್ದವು. ಕೆಳಗಿನದು ನದಿಯ ಪಕ್ಕದ ರಸ್ತೆಗುಂಟ, ಮೇಲಿನದು ಕಾಡಿನ ಕಣಿವೆ ದಾಟಿ. ಎರಡೂ ಒಂದೇ ವೇಗದವು. ಮೂರು ವರ್ಷದ ಹಿಂದೆ ನೆವ್ಯಾನಾ ರೂಟರಿಗೆ ಹೀಗೆ ಹೇಳಿಕೊಟ್ಟಿದ್ದಳು: ಈ ಎರಡು ದಾರಿಗಳನ್ನೂ ಸಮ ಎಂದು ತಿಳಿ, ಹೊರೆಯನ್ನು ಎರಡರ ಮೇಲೂ ಹಂಚು. ರೂಟರ್ ಹಂಚುವ ರೀತಿ ಸರಳ. ಕಳಿಸುವವರ ವಿಳಾಸ, ತಲುಪಬೇಕಾದ ವಿಳಾಸ, ಇವೆರಡನ್ನೂ ಸೇರಿಸಿ ಒಂದು ಲೆಕ್ಕ ಹಾಕುತ್ತದೆ. ಉತ್ತರ ಒಂದು ಬಗೆಯದಾದರೆ ಕೆಳಗಿನ ದಾರಿ, ಇನ್ನೊಂದು ಬಗೆಯದಾದರೆ ಮೇಲಿನ ದಾರಿ. ಅದೇ ಎರಡು ವಿಳಾಸಗಳಿಗೆ ಉತ್ತರ ಎಂದಿಗೂ ಬದಲಾಗುವುದಿಲ್ಲ. ಒಂದೇ ಮಾತಿನ ತುಂಡುಗಳು ಬೇರೆ ಬೇರೆ ದಾರಿ ಹಿಡಿದು ಹಿಂದೆಮುಂದಾಗಿ ತಲುಪಬಾರದು ಎಂದು ಈ ಏರ್ಪಾಡು.

ಹಾಗಾದರೆ ತಾನು ನೂರು ಸಲ ಕೂಗಿದ್ದು ನೂರು ಪರೀಕ್ಷೆಯಲ್ಲ. ತನ್ನ ಕಂಪ್ಯೂಟರಿಗೆ ಗೊತ್ತಾಗಿದ್ದ ಒಂದೇ ದಾರಿಯಲ್ಲಿ ನೂರು ಸಲ ನಡೆದದ್ದು.

ನೆವ್ಯಾನಾ ರೂಟರಿನ ಎಣಿಕೆಗಳನ್ನು ತೆರೆದಳು. ಮೇಲಿನ ದಾರಿಯ ಬಾಗಿಲಲ್ಲಿ ಹೊರಗೆ ಹೋದ ತುಂಡುಗಳು ಕ್ಷಣಕ್ಷಣಕ್ಕೂ ಸಾವಿರಗಟ್ಟಲೆ ಏರುತ್ತಿದ್ದವು. ಒಳಗೆ ಬಂದವು ಅಲ್ಲಾಡುತ್ತಿರಲಿಲ್ಲ. ಹತ್ತು ಸೆಕೆಂಡು ನೋಡಿದಳು. ಅದೇ ಅಂಕಿ.

"ಸ್ಪಿರೊ ಅಣ್ಣ, ಮೇಲಿನ ದಾರಿ ಸತ್ತಿದೆ."

"ಸತ್ತಿದ್ರೆ ರೂಟರಿನ ದೀಪ ಆರಬೇಕಿತ್ತಲ್ಲ. ನೋಡಲ್ಲಿ, ಹಸಿರಾಗೇ ಇದೆ."

"ಅದು ಕಾಡಿನ ಪೆಟ್ಟಿಗೆಯಿಂದ ಬರೋ ಬೆಳಕು."

ಸ್ಪಿರೊ ಬಾನಿತ್ಸಾ ಕೆಳಗಿಟ್ಟ. ಹಿಂದೆಲ್ಲ ಮೇಲಿನ ಫೈಬರ್ ಎಲ್ಲಿ ತುಂಡಾದರೂ ಬೆಳಕು ಆರುತ್ತಿತ್ತು, ರೂಟರ್ ತಾನಾಗಿಯೇ ಆ ದಾರಿಯನ್ನು ಬಿಟ್ಟುಬಿಡುತ್ತಿತ್ತು. ಕಳೆದ ಅಕ್ಟೋಬರಿನಲ್ಲಿ ಬೆಳಕು ಕ್ಷೀಣವಾಗುತ್ತಿದೆ ಎಂದು ಅರಣ್ಯ ಕಾವಲುಗಾರನ ಮನೆಯಲ್ಲಿ ಒಂದು ಪುಟ್ಟ ಪೆಟ್ಟಿಗೆ ಕೂರಿಸಿದ್ದರು. ಅದು ಬೆಳಕನ್ನು ಹಿಡಿದು ಹೊಸದಾಗಿ ಹೊತ್ತಿಸಿ ಮುಂದಕ್ಕೆ ಕಳಿಸುತ್ತದೆ. ಅದರಾಚೆ ಎಲ್ಲೋ ಹಿಮದ ಭಾರಕ್ಕೆ ಮರ ಬಿದ್ದು ಫೈಬರ್ ತುಂಡಾಗಿತ್ತು. ಪೆಟ್ಟಿಗೆ ಮಾತ್ರ ಎಲೋವೊದ ಕಡೆಗೆ ನಿಷ್ಠೆಯಿಂದ ಬೆಳಕು ಕಳಿಸುತ್ತ ಕೂತಿತ್ತು. ಆ ತುದಿಯ ಯಂತ್ರಕ್ಕೆ ಕತ್ತಲಾದ್ದರಿಂದ ಅದು ಎಲ್ಲವನ್ನೂ ನದಿಯ ದಾರಿಗೆ ತಿರುಗಿಸಿಕೊಂಡಿತ್ತು. ಈ ತುದಿಗೆ ಏನೂ ಗೊತ್ತಿರಲಿಲ್ಲ. ಲೆಕ್ಕದಲ್ಲಿ ಮೇಲಿನ ದಾರಿಗೆ ಬಿದ್ದದ್ದೆಲ್ಲ ಆ ಪೆಟ್ಟಿಗೆಯವರೆಗೆ ಹೋಗಿ ಇಲ್ಲವಾಗುತ್ತಿತ್ತು.

"ನಿನ್ನ ಕಾವಲು ಏನಾಯ್ತು?" ಸ್ಪಿರೊ ಕೇಳಿದ. "ನಿಮಿಷಕ್ಕೊಂದ್ಸಲ ಎರಡೂ ದಾರಿ ನೋಡುತ್ತೆ ಅಂದಿದ್ಯಲ್ಲ."

ಅವಳು ಆ ಕಾವಲಿನ ದಾಖಲೆ ತೆರೆದಳು. ಮೂರು ವರ್ಷದ ಹಿಂದೆ ಅವಳೇ ಬರೆದ ಪುಟ್ಟ ಕಾರ್ಯಕ್ರಮ. ಪರದೆಯ ತುಂಬ ಅದರ ಸಾಲುಗಳು ಇಳಿದವು.

ಕೆಳಗಿನ ದಾರಿ: ಸರಿ ಇದೆ. ಮೇಲಿನ ದಾರಿ: ಸರಿ ಇದೆ. ಕೆಳಗಿನ ದಾರಿ: ಸರಿ ಇದೆ. ಮೇಲಿನ ದಾರಿ: ಸರಿ ಇದೆ.

ಹತ್ತು ಗಂಟೆಗೂ ಹಾಗೇ ಇತ್ತು. ಈಗಿನ ನಿಮಿಷದಲ್ಲೂ ಹಾಗೇ ಇತ್ತು. ಅವಳು ನೋಡುತ್ತಿದ್ದಂತೆ ಕೆಳಗೆ ಇನ್ನೊಂದು ಸಾಲು ಮೂಡಿತು: ಮೇಲಿನ ದಾರಿ: ಸರಿ ಇದೆ.

ಕಾರ್ಯಕ್ರಮದಲ್ಲಿ ಏನಿತ್ತೆಂದು ಅವಳು ತೆರೆದು ನೋಡಬೇಕಾಗಿರಲಿಲ್ಲ, ಆದರೂ ತೆರೆದಳು. ಎರಡು ಸಲ ಕೂಗು ಎಂದು ಬರೆದಿದ್ದಳು. ಎರಡನೆಯದನ್ನು ಮೇಲಿನ ಬಾಗಿಲಿನಿಂದಲೇ ಕೂಗು ಎಂದು ಹೇಳಿರಲಿಲ್ಲ. ಕಾವಲಿನ ಕೂಗನ್ನೂ ರೂಟರ್ ಅದೇ ಲೆಕ್ಕಕ್ಕೆ ಹಾಕಿತ್ತು, ಎರಡು ಸಲವೂ ಉತ್ತರ ನದಿಯ ದಾರಿಯೆಂದು ಬಂದಿತ್ತು. ಮೂರು ವರ್ಷ ಅವಳ ಕಾವಲುಗಾರ ಒಂದೇ ದಾರಿಯಲ್ಲಿ ಎರಡೆರಡು ಸಲ ಓಡಾಡಿ, ಎರಡು ದಾರಿಗಳ ವರದಿ ಬರೆದಿದ್ದ.

ಮೇಲಿನ ದಾರಿಯನ್ನು ತೆಗೆದುಹಾಕಲು ಒಂದು ಸಾಲು ಸಾಕಾಯಿತು. ಹನ್ನೊಂದೂ ಮೂವತ್ತಾರು. ಫೋನಿನಲ್ಲಿ ಯೊರ್ದಾನ್ಕಾ, "ಈಗ ಒತ್ತಿದೆ, ಹಸಿರು ಬಂತು," ಎಂದಳು. ಅಜ್ಜಿ ಹಿಂದಿನಿಂದ ಹುಡುಗಿಯನ್ನು ವಿಚಾರಿಸಿಕೊಳ್ಳುವುದು ಕೇಳಿಸಿತು.

"ಸರಿಹೋಯ್ತಲ್ಲ," ಸ್ಪಿರೊ ಉಸಿರು ಬಿಟ್ಟ. "ನಾಳೆ ಹೋಗಿ ಫೈಬರ್ ಜೋಡಿಸೋಣ."

ನೆವ್ಯಾನಾ ಕದಲಲಿಲ್ಲ. ಜಿಲ್ಲಾ ಕೇಂದ್ರದ ಯಂತ್ರದ ದಾಖಲೆಯಲ್ಲಿ ಆ ಕಡೆಯ ಬೆಳಕು ಆರಿದ ಹೊತ್ತು ಇತ್ತು: ಆರೂ ಹನ್ನೆರಡು. ಆರೂ ಹನ್ನೆರಡರಿಂದ ಹನ್ನೊಂದೂ ಮೂವತ್ತಾರರವರೆಗೆ ಯಾರು ಯಾರು ಒತ್ತಿದರು? ಗುಂಡಿ ಮೂರು ಸಲ ಪ್ರಯತ್ನಿಸಿ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಕಳೆದುಹೋದ ಕೂಗು ಎಲ್ಲೂ ಬರೆದಿಟ್ಟಿರುವುದಿಲ್ಲ.

"ಅಣ್ಣ, ಗುಂಡಿ ಇರೋ ಮನೆ ಮೂವತ್ತೊಂದು ಇದಾವೆ. ಯಾವ್ಯಾವುದು ಮೇಲಿನ ದಾರಿಗೆ ಬಿದ್ದಿತ್ತೋ ಅವನ್ನೆಲ್ಲ ಹೋಗಿ ನೋಡ್ಬೇಕು. ಈಗ್ಲೇ."

"ಹಗಲು ಹೊತ್ತು ನೆವ್ಯಾನಾ. ಯಾರಿಗೆ ಏನಾಗಿರುತ್ತೆ?"

"ಗೊತ್ತಿಲ್ಲ. ಅದಕ್ಕೇ ಹೋಗ್ಬೇಕು."

ಬಿಡಿ ಇದ್ದ ಇನ್ನೊಂದು ಯಂತ್ರದಲ್ಲಿ ಬೆಳಗಿನ ಏರ್ಪಾಡನ್ನೇ ಮತ್ತೆ ಕೂರಿಸಿ, ಅವಳು ಒಂದೊಂದೇ ಮನೆಯ ವಿಳಾಸ ಕೊಟ್ಟು ಕೇಳಿದಳು: ಇದನ್ನು ಯಾವ ಬಾಗಿಲಿನಿಂದ ಕಳಿಸುತ್ತೀಯ? ಯಂತ್ರ ಹೇಳುತ್ತ ಹೋಯಿತು. ಮೊದಲನೆಯದು ಕೆಳಗೆ. ಎರಡನೆಯದು ಮೇಲೆ. ಅವಳು ಕಾಗದದ ಮೇಲೆ ಗೆರೆ ಎಳೆಯುತ್ತ ಹೋದಳು. ಒಂಬತ್ತನೆಯ ವಿಳಾಸ ಬರೆಯುವಾಗ ಕೈ ನಿಂತಿತು. ಅದು ಬೋರಿನಾ ಕೇರಿಯ ರಾಷ್ಕೊನದು.

ಯಂತ್ರ ಹೇಳಿತು: ಮೇಲೆ.

ರಾಷ್ಕೊಗೆ ಎಪ್ಪತ್ತೊಂಬತ್ತು. ಆ ಗುಂಡಿ ಅವನಿಗೆ ಬೇಕಿರಲಿಲ್ಲ. ಮನೆಯಲ್ಲಿ ಹಳೆಯ ತಾಮ್ರದ ತಂತಿಯ ಫೋನು ಇತ್ತು, ಉದ್ದನೆಯ ವೈರು ಹಾಕಿ ಅದನ್ನು ಕೊಟ್ಟಿಗೆಯವರೆಗೂ ಒಯ್ಯುತ್ತಿದ್ದ. ಆಗಸ್ಟಿನಲ್ಲಿ ಅವನ ಅಂಗಳದಲ್ಲಿ ಕೂತು, ಅವನು ಕೊಟ್ಟ ತಣ್ಣನೆಯ ಮಜ್ಜಿಗೆ ಕುಡಿಯುತ್ತ ಒಪ್ಪಿಸಿದ್ದು ನೆವ್ಯಾನಾಳೇ. "ಆ ತಂತಿ ತುಕ್ಕು ಹಿಡ್ದಿದೆ ಮಾವ. ಇದು ಒತ್ತಿದ್ರೆ ಬರ್ತಾರೆ." ಅವನು ಬಹಳ ಹೊತ್ತು ಗುಂಡಿಯನ್ನು ತಿರುಗಿಸಿ ನೋಡಿದ್ದ. "ಇದರ ಮಾತು ನಂಗೆ ಬೇಡ. ನೀನು ಹೇಳ್ತೀಯಾ, ಬರ್ತಾರೆ ಅಂತ?" "ಹೇಳ್ತೀನಿ ಮಾವ. ದಾರಿ ಸರಿ ಇದೆಯಾ ಅಂತ ದಿನಾ ಕೂಗಿ ನೋಡ್ತೀನಿ." ಆಮೇಲೆ ಅವನೇ ಏಣಿ ಇಟ್ಟು ತನ್ನ ತಾಮ್ರದ ತಂತಿಯನ್ನು ಬಿಚ್ಚಿ ಸುರುಳಿ ಸುತ್ತಿದ್ದ.

ಅವನ ಗೋಡೆಯ ಪೆಟ್ಟಿಗೆಗೆ ಫೋನು ಮಾಡಿದಳು. ಗಂಟೆ ಬಾರಿಸುತ್ತಲೇ ಇತ್ತು. ಎಣಿಸಿದಳು, ಇಪ್ಪತ್ತು. ಮತ್ತೆ ಮಾಡಿದಳು, ಇಪ್ಪತ್ತು.

ಮೇಲಿನ ದಾರಿಗೆ ಬಿದ್ದದ್ದು ಒಟ್ಟು ಹದಿನೇಳು ಮನೆ. ಫಿದಾನ್ಕಾ ಅಜ್ಜಿಯದೂ ಸೇರಿ ಹನ್ನೆರಡನ್ನು ಯೊರ್ದಾನ್ಕಾಳಿಗೆ ಓದಿ ಹೇಳಿದಳು, ಊರೊಳಗಿನ ನಾಲ್ಕನ್ನು ಸ್ಪಿರೊನ ಕೈಗೆ ಕೊಟ್ಟಳು. ಸ್ಪಿರೊ ಈಗ ಮರುಮಾತಾಡದೆ ಕೋಟು ಹಾಕಿಕೊಂಡ. ಬೋರಿನಾಗೆ ಹನ್ನೊಂದು ಕಿಲೋಮೀಟರ್. ನೆವ್ಯಾನಾ ಕಂಪನಿಯ ವ್ಯಾನು ತೆಗೆದಳು.

ಹೊರಗೆ ಸೊನ್ನೆಗಿಂತ ಆರು ಡಿಗ್ರಿ ಕೆಳಗಿತ್ತು. ಬಿಸಿಲಿತ್ತು, ಕಣ್ಣು ಕುಕ್ಕುವ ಬಿಸಿಲು. ಅವಳು ಎರಡನೇ ಗೇರಿನಲ್ಲೇ ತಿರುವುಗಳನ್ನು ಹತ್ತಿದಳು. ಜೋರಾಗಿ ಹೋಗಬೇಕೆಂದು ಕಾಲು ಹೇಳುತ್ತಿತ್ತು, ಜಾರಿ ಬಿದ್ದರೆ ಹೋಗುವವರೇ ಇಲ್ಲ ಎಂದು ತಲೆ ಹೇಳುತ್ತಿತ್ತು. ದಾರಿಯುದ್ದಕ್ಕೂ ಅವಳ ಮನಸ್ಸು ಹೊತ್ತುಗಳನ್ನು ಹಿಡಿದು ಕೂತಿತ್ತು. ಆರೂ ಹನ್ನೆರಡಕ್ಕೆ ಅವನು ಎದ್ದಿರುತ್ತಾನೆ. ಏಳಕ್ಕೆ ಒಲೆ. ಎಂಟಕ್ಕೆ ಆಡುಗಳಿಗೆ ನೀರು. ಯಾವ ಹೊತ್ತಿಗೆ ಬಿದ್ದಿದ್ದರೆ ಎಷ್ಟು ಗಂಟೆ ಆಯಿತು ಎಂದು ಕೂಡಿಸುವುದು, ಅದನ್ನು ಬಿಟ್ಟು ಬೇರೆ ಹೊತ್ತು ಹಿಡಿಯುವುದು.

ಬೋರಿನಾದ ಬಸ್ ನಿಲ್ದಾಣದ ಹಲಗೆ ಗೋಡೆಗೆ ಸಾವಿನ ಕಾಗದಗಳನ್ನು ಅಂಟಿಸುತ್ತಾರೆ. ಸತ್ತವರ ಫೋಟೊ, ಹೆಸರು, ಎರಡು ಸಾಲು. ಸತ್ತ ದಿನಕ್ಕೊಂದು, ನಲವತ್ತನೆಯ ದಿನಕ್ಕೊಂದು, ವರ್ಷಕ್ಕೊಂದು. ಕಂಬಗಳಿಗೂ ಅಂಟಿಸುತ್ತಾರೆ, ಹತ್ತುವ ಮೊದಲು ನೆವ್ಯಾನಾ ಎಷ್ಟೋ ಸಲ ಅವುಗಳ ಅಂಚನ್ನು ಮೆಲ್ಲಗೆ ಸರಿಸಿ ಕಾಲಿಟ್ಟಿದ್ದಳು. ಇವತ್ತು ಹಳದಿಯಾದ ಕಾಗದಗಳ ನಡುವೆ ಒಂದು ಬೆಳ್ಳಗೆ, ಹೊಸದಾಗಿ ಹೊಳೆಯುತ್ತಿತ್ತು. ಟೋಪಿ ಹಾಕಿದ ಮುದುಕ. ಅವಳ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಬೆಳಿಗ್ಗೆ ಸತ್ತವನ ಕಾಗದ ಮಧ್ಯಾಹ್ನದೊಳಗೆ ಅಚ್ಚಾಗಿ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಇಳಿದು ಹೋಗಿ ಓದಿದಳು. ಗರಗಸದ ಮಿಲ್ಲಿನ ಮನೋಲ್, ನಲವತ್ತನೆಯ ದಿನ. ನಾಚಿಕೆಯಿಂದ ಮನೋಲನಿಗೆ ಮೆಲ್ಲಗೆ ಕ್ಷಮೆ ಕೇಳಿ ವ್ಯಾನಿಗೆ ಓಡಿದಳು. ಅರ್ಧ ನಿಮಿಷ ಹಾಳಾಗಿತ್ತು.

ರಾಷ್ಕೊನ ಮನೆಯ ಹೊಗೆಕೊಳವೆಯಲ್ಲಿ ಹೊಗೆ ಇರಲಿಲ್ಲ.

ಅದನ್ನು ಅವಳು ಕೆಳಗಿನ ತಿರುವಿನಲ್ಲೇ ಕಂಡಳು. ಚಳಿಗಾಲದಲ್ಲಿ ಆ ಕೇರಿಯಲ್ಲಿ ನಾಲ್ಕೇ ಮನೆಗಳಲ್ಲಿ ಜನ. ಮೂರರಲ್ಲಿ ಹೊಗೆ ಏಳುತ್ತಿತ್ತು, ಹಳ್ಳದಾಚೆ. ಗೇಟು ತೆರೆಯಲು ಹಿಮ ಅಡ್ಡಬಂತು, ದಾಟಿ ಹಾರಿದಳು. ಮನೆಯ ಬಾಗಿಲು ದೂಡಿದರೆ ತೆರೆಯಿತು. "ರಾಷ್ಕೊ ಮಾವ?" ಮೇಜಿನ ಮೇಲೆ ಅರ್ಧ ತುಂಡು ಬ್ರೆಡ್ಡು, ಕೆನೆಗಟ್ಟಿದ ಹಾಲಿನ ಲೋಟ. ಒಲೆ ತಣ್ಣಗಿತ್ತು. ಹಾಸಿಗೆ ಮಡಿಸಿತ್ತು.

ಅಂಗಳದಲ್ಲಿ ಒಂದೇ ಸಾಲು ಹೆಜ್ಜೆ ಗುರುತು. ಕೊಟ್ಟಿಗೆಯ ಕಡೆಗೆ ಹೋಗಿದ್ದವು. ಬಂದವು ಇರಲಿಲ್ಲ. ಹೊರಗೆ ಹೋದವು ಏರುತ್ತಿದ್ದ, ಒಳಗೆ ಬಂದವು ಅಲ್ಲಾಡದ ಆ ಎಣಿಕೆ ಅವಳ ಕಣ್ಣ ಮುಂದೆ ಬಂತು. ಕೊಟ್ಟಿಗೆಯ ಬಾಗಿಲ ಮುಂದೆ ಒಂದು ಕ್ಷಣ ನಿಂತಳು. ಅಗಳಿಯ ಮೇಲೆ ಇಟ್ಟ ಕೈಯನ್ನು ಅದುಮಲು ಆಗಲಿಲ್ಲ. ಒಳಗೆ ಆಡೊಂದು ಕೆಮ್ಮಿದಂತೆ ಸದ್ದು ಮಾಡಿತು. ಅದುಮಿದಳು.

ಅವನು ಹುಲ್ಲಿನೊಳಗಿದ್ದ. ಕುತ್ತಿಗೆಯವರೆಗೂ ಒಣಹುಲ್ಲು ಎಳೆದುಕೊಂಡಿದ್ದ. ಒಂದು ಕಾಲು ಇರಬಾರದ ಕಡೆಗೆ ತಿರುಗಿತ್ತು. ಪಕ್ಕದಲ್ಲಿ ಮಗುಚಿದ ಬಕೆಟ್ಟು, ಚೆಲ್ಲಿ ಹೆಪ್ಪುಗಟ್ಟಿದ ನೀರು. ಮುಖ ಮೇಣದ ಬಣ್ಣದಲ್ಲಿತ್ತು, ಕಣ್ಣು ಮುಚ್ಚಿತ್ತು. ಅವನ ತಲೆಯ ಮೇಲ್ಗಡೆ ಮೊಳೆಯಲ್ಲಿ ತಾಮ್ರದ ತಂತಿಯ ಸುರುಳಿ ನೇತಾಡುತ್ತಿತ್ತು.

ನೆವ್ಯಾನಾ ಮೊಣಕಾಲೂರಿ ಅವನ ಬಾಯ ಬಳಿ ಕೆನ್ನೆ ಇಟ್ಟಳು. ಏನೂ ತಿಳಿಯಲಿಲ್ಲ.

"ನನ್ನ ಟೋಪಿ ಮೇಲಿಂದ ಮೊಣಕಾಲು ತೆಗಿ," ಎಂದ ರಾಷ್ಕೊ.

ಅವಳು ಅಳಲಿಲ್ಲ, ಆಮೇಲೆ ಅಳಬಹುದು ಎಂದುಕೊಂಡಳು. ತನ್ನ ಕೋಟು ಬಿಚ್ಚಿ ಹೊದಿಸಿದಳು. ಆಂಬುಲೆನ್ಸ್ ಕರೆಯಬೇಕು. ಮೊಬೈಲಿನಲ್ಲಿ ಸಿಗ್ನಲ್ ಇರಲಿಲ್ಲ. ಅವನ ಮುಂಗೈಯಲ್ಲಿ ಗುಂಡಿಯ ದೀಪ ಇನ್ನೂ ಕೆಂಪಗಿತ್ತು. ಇದನ್ನೇ ಒತ್ತಬೇಕು, ಬೇರೆ ದಾರಿಯಿಲ್ಲ. ಒತ್ತಿದಳು.

ಒಂದು. ಎರಡು. ಮೂರು.

ದೀಪ ಹಸಿರಾಯಿತು. ಬಾಗಿಲು ತೆರೆದೇ ಬಿಟ್ಟಿದ್ದ ಮನೆಯೊಳಗಿಂದ, ಅಂಗಳ ದಾಟಿ, ಸಣ್ಣ ದನಿ ಕೇಳಿಸಿತು: "ರಾಷ್ಕೊ ತಾತ, ಏನಾಯ್ತು?" ನೆವ್ಯಾನಾ ಓಡಿದಳು. ಗೋಡೆಯ ಪೆಟ್ಟಿಗೆಗೆ ಕೇರಿಯ ಹೆಸರು, ಸೊಂಟದ ಮೂಳೆ, ಚಳಿ, ಎಲ್ಲವನ್ನೂ ಎರಡೆರಡು ಸಲ ಹೇಳಿ, ಹುಡುಗಿಯ ಬಾಯಿಂದ ವಾಪಸ್ ಹೇಳಿಸಿಕೊಂಡು, ಹಾಸಿಗೆಯ ಕಂಬಳಿಗಳನ್ನೆಲ್ಲ ಹೊತ್ತು ಮರಳಿದಳು.

"ಎಷ್ಟೊತ್ತಿಗೆ ಬಿದ್ರಿ ಮಾವ?"

"ಎಂಟೂ ಇಪ್ಪತ್ತು ಇರ್ಬೇಕು." ಮಾತು ನಾಲಿಗೆಗೆ ಅಂಟಿಕೊಂಡು ಬರುತ್ತಿತ್ತು. "ಒತ್ತಿದೆ. ಕೆಂಪು. ಹತ್ತು ಸಲ ಒತ್ತಿರ್ಬೇಕು. ಆಮೇಲೆ ಬೆರಳು ನನ್ನ ಮಾತು ಕೇಳ್ಲಿಲ್ಲ."

ಅವಳು ಅವನ ಕೈಗಳನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡಳು. "ಎರಡು ದಾರಿ ಇತ್ತು ಮಾವ. ಒಂದು ಬೆಳಿಗ್ಗೆ ಸತ್ತೋಯ್ತು. ನಿಮ್ಮ ಗುಂಡಿ ಆ ದಾರಿಗೆ ಬಿದ್ದಿತ್ತು."

"ನೀನು ದಿನಾ ಕೂಗಿ ನೋಡ್ತೀನಿ ಅಂದಿದ್ಯಲ್ಲ."

"ನಿಮಿಷನಿಮಿಷಕ್ಕೂ ಕೂಗ್ತಿದ್ದೆ."

"ಯಾವ ತಂತೀಲಿ?"

ಅವಳು ಅವನ ಕೈಗಳನ್ನು ಇನ್ನಷ್ಟು ಬಿಗಿಯಾಗಿ ಅದುಮಿಕೊಂಡಳು. ಅವನು ಕಣ್ಣು ತೆರೆದು ಅವಳ ಮುಖವನ್ನು ನೋಡಿದ, ಮತ್ತೆ ಮುಚ್ಚಿಕೊಂಡ. ಆಂಬುಲೆನ್ಸ್ ಬರಲು ನಲವತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಅವನು ಬೈಯಲಿಲ್ಲ. ಅವಳು ಮಾತಾಡಿಸಿದಾಗಲೆಲ್ಲ ಒಂದೊಂದು ಮಾತು ಆಡಿದ, ಅಷ್ಟೇ. ಒಂದು ಸಲ ಉತ್ತರ ತಡವಾದಾಗ ಅವಳು ಎಚ್ಚರ ತಪ್ಪದಿರಲೆಂದು ಅವನ ಕೆನ್ನೆಗೆ ಹೊಡೆದಳು.

ಉಳಿದ ಹದಿನಾರು ಮನೆಯವರೂ ಕ್ಷೇಮವಾಗಿದ್ದರು. ಮೂರು ಗಂಟೆಗೆ ಯೊರ್ದಾನ್ಕಾ ಕೊನೆಯ ಮನೆಯಿಂದ ಹೇಳಿದಳು. ರಾಷ್ಕೊನ ಸೊಂಟಕ್ಕೆ ಲೋಹ ಕೂರಿಸಿದರು, ಬಲಗಾಲಿನ ಎರಡು ಬೆರಳು ತೆಗೆದರು.

ಪುರಸಭೆಗೆ ವರದಿ ಕೊಡಬೇಕಿತ್ತು. "ಮರ ಬಿತ್ತು ಅಂತ ಬರಿ," ಎಂದ ಸ್ಪಿರೊ. "ಸುಳ್ಳೇನಲ್ಲವಲ್ಲ." ನೆವ್ಯಾನಾ ಮರ ಬಿತ್ತು ಎಂದು ಬರೆದಳು. ಅದರ ಕೆಳಗೆ, ತನ್ನ ಕಾವಲು ಮೂರು ವರ್ಷದಿಂದ ಮೇಲಿನ ದಾರಿಯನ್ನು ನೋಡಿಯೇ ಇರಲಿಲ್ಲ, ತಪ್ಪು ತನ್ನದು ಎಂದೂ ಬರೆದಳು. ಸ್ಪಿರೊ ಅದನ್ನು ಎರಡು ಸಲ ಓದಿದ. ಆಮೇಲೆ ಸಹಿ ಮಾಡಿದ. ಪುರಸಭೆಯಿಂದ ಅವಳನ್ನು ಕರೆಸಿ ಒಂದು ಇಡೀ ಮಧ್ಯಾಹ್ನ ಪ್ರಶ್ನೆ ಕೇಳಿದರು. ಕೆಲಸ ಹೋಗಲಿಲ್ಲ.

ಕಾವಲಿನ ಕಾರ್ಯಕ್ರಮವನ್ನು ಅವಳು ಹೊಸದಾಗಿ ಬರೆದಳು. ಈಗ ಪ್ರತಿ ಕೂಗೂ ತನ್ನ ಬಾಗಿಲಿನಿಂದಲೇ ಹೊರಡುತ್ತದೆ. ಆ ತುದಿಯ ಯಂತ್ರ, ಅದು ಯಾವ ದಾರಿಯಲ್ಲಿ ಬಂತೆಂದು ಬರೆದು ಕಳಿಸುತ್ತದೆ. ಪುರಸಭೆಯವರು ಫಿದಾನ್ಕಾ ಅಜ್ಜಿಗೆ ಮೂರನೆಯ ಪತ್ರ ಕಳಿಸಿದರು: ಇನ್ನು ಮುಂದೆ ಮೂವತ್ತೊಂದು ಮನೆಯವರೂ ದಿನಾ ಹತ್ತು ಗಂಟೆಗೆ ಗುಂಡಿ ಒತ್ತಬೇಕು. "ನಾನು ಮೊದ್ಲಿಂದ ಅದನ್ನೇ ಮಾಡ್ತಿದ್ದೆ," ಎಂದು ಅಜ್ಜಿ ಆ ಪತ್ರವನ್ನು ಜಾಡಿಗೆ ಕಟ್ಟದೆ ಗೋಡೆಗೆ ಅಂಟಿಸಿದಳು.

ಏಪ್ರಿಲಿನಲ್ಲಿ ರಾಷ್ಕೊ ಊರುಗೋಲಿನ ಮೇಲೆ ಬೋರಿನಾಗೆ ಮರಳಿದ. ನೆವ್ಯಾನಾ ಗುಂಡಿಯನ್ನು ಕಟ್ಟಲು ಹೋದರೆ ಕೈ ಚಾಚಲಿಲ್ಲ.

"ಒಂದು ವಾರ ಹತ್ತು ಗಂಟೆಗೆ ಇಲ್ಲಿಗೆ ಬಾ," ಎಂದ. "ಈ ತುದಿಯಿಂದ ನೀನೇ ಒತ್ತು. ಆಮೇಲೆ ನೋಡೋಣ."

ಅವಳು ಏಳು ದಿನ ಹನ್ನೊಂದು ಕಿಲೋಮೀಟರ್ ಹತ್ತಿ ಹೋದಳು. ಹೊರಡುವ ಮೊದಲು ಕಚೇರಿಯಲ್ಲಿ ಎರಡರಲ್ಲಿ ಒಂದು ದಾರಿಯನ್ನು ಮುಚ್ಚಿ ಹೋಗುತ್ತಿದ್ದಳು, ಒಂದು ದಿನ ಕೆಳಗಿನದು, ಒಂದು ದಿನ ಮೇಲಿನದು. ದಿನವೂ ಅವನ ಕೊಟ್ಟಿಗೆಯಲ್ಲಿ, ಅದೇ ಜಾಗದಲ್ಲಿ ನಿಂತು ಒತ್ತುತ್ತಿದ್ದಳು. ದಿನವೂ ಹಸಿರು ಬರುವವರೆಗೆ ಆ ಮೂರು ಸೆಕೆಂಡು ಎಣಿಸುತ್ತಿದ್ದಳು. ಅವನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ದೀಪವನ್ನು ನೋಡದೆ ಅವಳ ಮುಖವನ್ನೇ ನೋಡುತ್ತಿದ್ದ.

ಏಳನೆಯ ದಿನ ಹಸಿರು ದೀಪ ಬಂದ ಮೇಲೆ ಅವನು ಕೇಳಿದ: "ಇವತ್ತು ಯಾವ ತಂತೀಲಿ ಬಂತು?"

"ಮೇಲಿಂದು ಮಾವ. ನಾಲ್ಕು ದಿನ ಮೇಲಿಂದು, ಮೂರು ದಿನ ಕೆಳಗಿಂದು."

"ಇನ್ನೂ ಹೆದರ್ತೀಯಾ?"

"ಹೂಂ."

ರಾಷ್ಕೊ ಅಂಗಿಯ ತೋಳು ಮಡಿಸಿ ಮುಂಗೈ ಚಾಚಿದ. ಅವಳು ಪಟ್ಟಿಯನ್ನು ಕಟ್ಟಿದಳು, ಕೊಂಡಿ ಹಾಕಿ ಎಳೆದು ನೋಡಿದಳು, ಮತ್ತೊಮ್ಮೆ ಎಳೆದು ನೋಡಿದಳು. ಮೊಳೆಯ ಮೇಲಿನ ತಾಮ್ರದ ಸುರುಳಿಯನ್ನು ತೆಗೆಯಲೇ ಎಂದು ಕಣ್ಣಲ್ಲೇ ಕೇಳಿದಳು.

"ಅದು ಅಲ್ಲೇ ಇರ್ಲಿ," ಎಂದ ಅವನು.